ಹಲೀನಾಳ ಔತಣದ ಬಾಗಿಲಲ್ಲಿ ಇಲಿ

ಮನೆಯಲ್ಲಿ ಬಲ್ಬು ಹೋದರೆ ನನ್ನ ಗಂಡ ಕಾಸಿಮಿರ್ ಮುಟ್ಟುವವನಲ್ಲ. "ಅದು ಎಲೆಕ್ಟ್ರಿಷಿಯನ್‌ಗಳ ಕೆಲ್ಸ ಕಣೇ. ಅವರ ಅನ್ನಕ್ಕೆ ನಾನ್ಯಾಕೆ ಕಲ್ಲು ಹಾಕ್ಲಿ?" ಎನ್ನುತ್ತಾನೆ. ಬಡಗಿಗಳ ಯೂನಿಯನ್ನಿನಲ್ಲಿ ಮೂವತ್ತೊಂದು ವರ್ಷ ಇದ್ದವನು. ಷಿಕಾಗೋದ ಅರ್ಧ ಊರನ್ನು ತಾನೇ ಕಟ್ಟಿದೆ ಎಂದು ಕೊಚ್ಚಿಕೊಳ್ಳುತ್ತಾನೆ. ನೀವು ಎರಡು ಬೀದಿ ಎಂದಿಟ್ಟುಕೊಳ್ಳಿ. ನಿವೃತ್ತನಾದ ಮೇಲೆ ಶನಿವಾರಗಳಂದು ಚರ್ಚಿನ ನೆಲಮಾಳಿಗೆಯಲ್ಲಿ ಬಡಾವಣೆಯ ಹೆಂಗಸರಿಗೆ, ಕೆಲಸ ಕಳೆದುಕೊಂಡವರಿಗೆ ಉಳಿ ಹಿಡಿಯುವುದನ್ನು ಕಲಿಸತೊಡಗಿದ. ಉಳಿಗಿಂತ ಮುಂಚೆ ಒಂದು ಪಾಠ: "ನಮ್ಮೋರು ಧರಣಿ ನಿಂತಿರೋ ಬಾಗ್ಲು ದಾಟಿ ಒಳಗೆ ಹೋಗಬಾರ್ದು, ಯಾರನ್ನೂ ಬಿಡ್ಲೂಬಾರ್ದು. ಪೋಪ್ ಬಂದ್ರೂ ಅಷ್ಟೆ!"

ಅವನ ಮುದ್ದಿನ ಶಿಷ್ಯೆ ಒಡೆಸಾ. ಮೊದಲು ಬಸ್ಸು ಓಡಿಸುತ್ತಿದ್ದಳು, ಈಗ ಯೂನಿಯನ್ನಿನ ಬಡಗಿ. ನಮ್ಮ ಮಗಳು ಹಲೀನಾಗೆ ಅವಳ ಹೆಸರೆತ್ತಿದರೆ ಮೈ ಉರಿಯುತ್ತಿತ್ತು.

"ನಾನು ಚಿಕ್ಕೋಳಿದ್ದಾಗ ಅಪ್ಪಂಗೆ ಒಂದೇ ಒಂದು ಶನಿವಾರ ಬಿಡುವಾಗ್ಲಿಲ್ಲ. ಈಗ ಊರೋರಿಗೆಲ್ಲ ಶನಿವಾರ! ಅಮ್ಮಾ, ನನ್ನ ಮದುವೆ ಔತಣದಲ್ಲಿ ಮೊದಲನೇ ಕುಣಿತ ಅಪ್ಪ ನನ್ನ ಜೊತೆ ಕುಣೀಬೇಕು. ಅದನ್ನೂ ತಪ್ಪಿಸಿದ್ರೆ ನಾನಿನ್ನು ಮಾತಾಡಲ್ಲ."

ಹುಡುಗಿ ಹಟದಲ್ಲಿ ಅಪ್ಪನ ಮಗಳೇ, ಹೇಳಿದ ಹಾಗೆ ಮಾಡುವವಳು. ನನಗೆ ಹೆದರಿಕೆಯಾಯಿತು. ಔತಣದ ಹಾಲ್ ಯಾವುದೆಂದು ಗಂಡನಿಗೆ ನಾಲ್ಕು ಸಲ ಹೇಳಿದೆ. ನಾಲ್ಕು ಸಲವೂ "ಹೂಂ" ಎಂದ.

ಶನಿವಾರ ಚರ್ಚಿನಲ್ಲಿ ಮದುವೆ ಮುಗಿಯಿತು. ಹಲೀನಾ ಗಂಡನೊಂದಿಗೆ ಮುಂದೆ ಹೋಗಿ ಹಾಲ್ ಸೇರಿದಳು. ನಾವು ಹಿಂದಿನಿಂದ ಹೋಗಿ ನೋಡಿದರೆ, ಬಾಗಿಲ ಮುಂದೆ ಯೂನಿಯನ್ನಿನ ಇಲಿ! ಗಾಳಿ ತುಂಬಿದ, ಎರಡಾಳೆತ್ತರದ ರಬ್ಬರ್ ಇಲಿ; ಯೂನಿಯನ್ನನ್ನು ಬಿಟ್ಟು ಅಗ್ಗದ ಆಳು ಹಿಡಿದ ಮಾಲೀಕರ ಮಾನ ಕಳೆಯಲು ಧರಣಿಯವರು ನಿಲ್ಲಿಸುವಂಥದ್ದು. ಅದರ ಪಕ್ಕ ಫಲಕ ಹಿಡಿದ ಹನ್ನೆರಡು ಜನ, ಎದುರಿಗೆ ಒಡೆಸಾ; ಹಲೀನಾ ಒಳಗೆ ಹೋದ ಮೇಲೆ ಬಂದು ನಿಂತವರು. ನಮ್ಮ ನೆಂಟರಿಷ್ಟರೆಲ್ಲ ಯೂನಿಯನ್ನಿನವರೇ, ಒಬ್ಬರೂ ಒಳಗೆ ಹೋಗಿಲ್ಲ.

"ಯಾವ ಮುಟ್ಠಾಳ ಇವತ್ತೇ ಇಲ್ಲಿ ಧರಣಿ ಹೂಡಿಸಿದ್ದು?" ಎಂದು ಕಿರುಚಿದೆ.

ಒಡೆಸಾ ನೆಲ ನೋಡಿದಳು. "ನಮ್ಮ ಮೇಷ್ಟ್ರೇ ಹೂಡಿಸಿದ್ದು ಅಮ್ಮಾ. ಇಲ್ಲಿ ಯೂನಿಯನ್ ಹೊರಗಿನೋರ ಕೈಲಿ ಅಗ್ಗಕ್ಕೆ ನೆಲಕ್ಕೆ ಹಲಗೆ ಹಾಕಿಸ್ತಿದಾರೆ, ಶನಿವಾರ ಬಾಗ್ಲು ತಡೀಲೇಬೇಕು ಅಂತ ಹೋದ ವಾರ ಸಭೇಲಿ ಇವರೇ ಎದ್ದು ಗುಡುಗಿದ್ರು."

"ನಿಮಗ್ಯಾರಿಗೂ ಮದುವೆ ಇಲ್ಲೇ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಸ್ವಂತ ಮಗಳ ಮದುವೇನೂ ಲೆಕ್ಕಿಸ್ದೆ ಹೇಳ್ತಿದಾರೆ, ಎಂಥಾ ಮನುಷ್ಯ ಅಂತ ಚಪ್ಪಾಳೆ ಹೊಡೆದ್ವಿ. ಇಬ್ಬರು ಕಣ್ಣೂ ಒರೆಸ್ಕೊಂಡ್ರು."

ಗಂಡನ ಕಡೆ ತಿರುಗಿದೆ. ಇಂಗು ತಿಂದ ಮಂಗನಂತೆ ನಿಂತಿದ್ದ. "ಈ ಹಾಲೇ ಅಂತ ನೀನು ಹೇಳ್ಲೇ ಇಲ್ವಲ್ಲೇ" ಎಂದ. ನನ್ನ ಕೈಯಲ್ಲಿ ಹೂಗುಚ್ಛದ ಬದಲು ಸುತ್ತಿಗೆ ಇರಬೇಕಿತ್ತು.

ಒಳಗೆ ಮೊದಲನೇ ಕುಣಿತಕ್ಕೆ ಅಕಾರ್ಡಿಯನ್ ವಾದ್ಯ ಶುರುವಾಯಿತು. ಬಿಳಿ ಗೌನಿನಲ್ಲಿ ಹಲೀನಾ ಬಾಗಿಲಿಗೆ ಬಂದಳು.

"ಅಪ್ಪಾ, ಬರ್ತೀಯೋ ಇಲ್ವೋ?"

ಕಾಸಿಮಿರ್ ಟೋಪಿ ತೆಗೆದ.

"ಒಡೆಸಾ, ಸ್ವಲ್ಪ ಸರಿಯಮ್ಮಾ."

"ಪೋಪ್ ಬಂದ್ರೂ ಬಿಡಬೇಡಿ ಅಂದಿದ್ರಿ, ಮೇಷ್ಟ್ರೇ."

"ಪೋಪ್‌ಗೆ ಹೆಣ್ಮಕ್ಕಳಿಲ್ವಲ್ಲಮ್ಮಾ."

ಒಡೆಸಾ ಸರಿಯಲಿಲ್ಲ, ಆದರೆ ಮುಖ ಆಚೆ ತಿರುಗಿಸಿಕೊಂಡಳು. ಹಳೆಯ ಜೊತೆಗಾರರೆಲ್ಲ ನೋಡುತ್ತಿದ್ದಂತೆ ನನ್ನ ಗಂಡ ಧರಣಿ ದಾಟಲು ಕಾಲೆತ್ತಿದ. ಮೂವತ್ತೊಂದು ವರ್ಷ ಆ ಯೂನಿಯನ್ನಿಗೆ ಹಿಡಿಶಾಪ ಹಾಕಿದವಳು ನಾನು, ನಾನೇ ಅವನ ಕೋಟು ಹಿಡಿದೆಳೆಯಲು ಕೈ ಚಾಚಿದೆ.

"ನಿಲ್ಲು ಅಲ್ಲೇ!" ಎಂದು ಕೂಗಿದಳು ಹಲೀನಾ. ಗೌನನ್ನು ಮೊಣಕಾಲಿಗೆತ್ತಿ ಓಡಿ ಬಂದಳು. "ಇನ್ನೊಂದು ಹೆಜ್ಜೆ ಇಟ್ರೆ ಸಾಯೋತನಕ ಕೊರಗ್ತೀಯ. ಆ ಗೋಳು ಅಮ್ಮ ಕೇಳ್ಬೇಕು. ನನಗೋಸ್ಕರ ಕಾಲೆತ್ತಿದ್ಯಲ್ಲ ಅಪ್ಪಾ, ಅಷ್ಟು ಸಾಕು."

ಅಕಾರ್ಡಿಯನ್ನಿನವನು ಹೊರಗೆ ಬಂದ. ಫುಟ್‌ಪಾತಿನ ಮೇಲೆ ಅಪ್ಪ ಮಗಳು ಕುಣಿದರು. ಕಾಸಿಮಿರ್‌ಗೆ ಕುಣಿಯಲು ಬರುವುದಿಲ್ಲವೆಂದು ಅವತ್ತೇ ನಮಗೆ ಗೊತ್ತಾದದ್ದು; ಮೂರು ಸಲ ಅವಳ ಕಾಲು ತುಳಿದ. ಹಲೀನಾ ಅವನ ಕೈ ಬಿಡಲಿಲ್ಲ.