ಚಾಪೆಲ್ ಪುಟದ ಮೇಲೆ ಬಿಂಗೊ

ಕಾರ್ನ್‌ವಾಲ್ ಕರಾವಳಿಯಲ್ಲಿ ಈ ಹೆಡ್ಲಿ ನ್ಯಾನ್‌ಕ್ಯಾರೋನಷ್ಟು ಸತ್ಯವಂತ ಇನ್ನೊಬ್ಬ ಹುಟ್ಟಿಲ್ಲ. ನಾನು ಹಿಡಿದ ಹಾವುಮೀನಿನ ತಲೆ ಬೇಕರಿಯ ಬಾಗಿಲಿಗೆ ಬಂದಾಗ ಬಾಲ ಇನ್ನೂ ಕಡಲಲ್ಲೇ ಇತ್ತು ಎಂದರೆ ನಮ್ಮ ಪೋರ್ತ್‌ವೆನ್ನದ ಜನ ನಗುತ್ತಾರೆ. ನಗಲಿ.

ನಮ್ಮ ಮೆಥಡಿಸ್ಟ್ ಚಾಪೆಲ್ಲಿಗೆ ವೆಬ್ ಪುಟ ಕಟ್ಟಿಕೊಟ್ಟವನು ನಾನು. ಇಡೀ ಯುರೋಪಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ: ಆರಾಧನೆಯ ಸಮಯ, ವಾರದ ಕೀರ್ತನೆಗಳ ಪಟ್ಟಿ, ಮೂಲೆಯಲ್ಲೊಂದು ಕಡಲಹಕ್ಕಿ. ಹೆಂಡತಿ ತೀರಿಕೊಂಡ ಮೇಲೆ ನಾನು ಬೆಳಗ್ಗೆ ಹಾಸಿಗೆ ಬಿಟ್ಟೇಳುತ್ತಿದ್ದದ್ದು ಆ ಪುಟವನ್ನು ತಿದ್ದುವುದಕ್ಕಾಗಿ. ಈ ಒಂದು ಮಾತಿಗೆ ಮಾತ್ರ ನಾನು ಉಪ್ಪುಖಾರ ಹಚ್ಚಿಲ್ಲ.

ಎರಡು ಸಾವಿರದ ಎಂಟರ ಸೆಪ್ಟೆಂಬರ್. ಭಾನುವಾರದ ಆರಾಧನೆ ಮುಗಿದದ್ದೇ ತಡ, ಮಿಸ್ ಲವ್ಡೇ ಟ್ರೆಂಬಾತ್ ಬಾಗಿಲಲ್ಲಿ ಅಡ್ಡ ನಿಂತರು. ನಲವತ್ತು ವರ್ಷ ಭಾನುವಾರದ ಶಾಲೆ ನಡೆಸಿದ ಹೆಂಗಸು. ನಮ್ಮಲ್ಲಿ ಜೂಜು ನಿಷಿದ್ಧ. ಸುಗ್ಗಿಯ ಊಟದಲ್ಲಿ ಒಂದು ಕೇಕಿಗಾಗಿ ಚೀಟಿ ಎತ್ತಲು ಹೊರಟವರನ್ನೂ ಇವರು ಛತ್ರಿ ಹಿಡಿದು ಅಟ್ಟಿದ್ದರು.

"ಲೋ ಹೆಡ್ಲಿ, ದೇವರ ಪುಟದ ಮೇಲೆ ಬಿಂಗೊ ಜೂಜಿನ ಜಾಹೀರಾತು ಅಂಟಿಸಿದ್ದೀಯಲ್ಲೋ! ನಾಚಿಕೆ ಆಗಲ್ವಾ?"

"ನಾನಾ? ಮಿಸ್ ಲವ್ಡೇ, ಅಲ್ಲಿರೋದು ಒಂದು ಹಕ್ಕಿ, ಅಷ್ಟೇ."

"ಕೀರ್ತನೆ ಪಟ್ಟಿ ತಲೆ ಮೇಲೇ ಕುಣೀತಾ ಇದೆ, 'ಬನ್ನಿ, ಆಡಿ' ಅಂತ! ಗುರುವಾರ ಸಭೆ ಇದೆ. ಆ ಪುಟಾನ ನಿನ್ನ ಕೈಯಿಂದ ಕಿತ್ಕೊಳ್ತೀನಿ, ನೋಡ್ತಿರು."

ಮನೆಗೆ ಓಡಿದೆ. ಪುಟ ತೆರೆದೆ. ಹಕ್ಕಿ ಇತ್ತು, ಬಿಂಗೊ ಇರಲಿಲ್ಲ. ಮುಚ್ಚಿದೆ, ತೆರೆದೆ; ಸೋಮವಾರ ಬೆಳಗಾಗುವಷ್ಟರಲ್ಲಿ ಹತ್ತು ಲಕ್ಷ ಸಲ ತೆರೆದಿರಬೇಕು. ಕೂತರೆ ನಿಲ್ಲುವಂತಾಗುತ್ತಿತ್ತು, ನಿಂತರೆ ನಡೆಯುವಂತಾಗುತ್ತಿತ್ತು. ಚಹಾ ಮೂರು ಸಲ ಮಾಡಿ ಮೂರು ಸಲವೂ ಕುಡಿಯಲು ಮರೆತೆ. ಕೊನೆಗೆ ಬೇಕರಿಯ ಟ್ಯಾಮ್ಸಿನ್ ಹತ್ತಿರ ಹೋಗಿ ಅವಳ ಕಂಪ್ಯೂಟರಿನಲ್ಲಿ ನೋಡಿದೆ. ಕೀರ್ತನೆಗಳ ಮೇಲೆ ಒಂದು ಒಲೆ ಧಗಧಗ ಉರಿಯುತ್ತಿತ್ತು!

"ಒಳ್ಳೇದೇ ಮಾಡ್ದೆ ಬಿಡು," ಎಂದಳು ಟ್ಯಾಮ್ಸಿನ್. "ವಾರದಿಂದ ಹೊಸ ಒಲೆಗೇ ಹುಡುಕ್ತಾ ಇದ್ದೆ ಮಾರಾಯ."

ಅಲ್ಲಿಂದ ಸಭಾಪಾಲಕರ ಮನೆಗೆ. ಅವರ ಪರದೆಯ ಮೇಲೆ ಅದೇ ಪುಟ, ಅದೇ ಹಕ್ಕಿ, ಮೇಲೆ ಬೊಕ್ಕತಲೆಗೆ ಕೂದಲು ಬರಿಸುವ ಎಣ್ಣೆ. ಅವರು ಲ್ಯಾಪ್‌ಟಾಪನ್ನು ಎಷ್ಟು ರಭಸದಿಂದ ಮುಚ್ಚಿದರೆಂದರೆ ಕಿಟಕಿಯ ಗಾಜು ಅದುರಿತು.

ಟ್ಯಾಮ್ಸಿನ್‌ಗೂ ಸಭಾಪಾಲಕರಿಗೂ ಇಂಟರ್‌ನೆಟ್ ಕೊಡುತ್ತಿದ್ದದ್ದು ಒಂದೇ ಕಂಪನಿ, ನನ್ನದು ಬೇರೆ. ಆ ಕಂಪನಿಗೆ ಫೋನ್ ಹಚ್ಚಿದೆ. ಕಾಯಿಸುತ್ತ ಏಳು ಸಿಂಫನಿ ಕೇಳಿಸಿದ ಮೇಲೆ ಒಬ್ಬಳು ಹುಡುಗಿ ಸಿಕ್ಕಳು.

"ಅದು ಹೊಸ ಸೌಲಭ್ಯ ಸರ್. ಗ್ರಾಹಕರು ಏನೇನು ನೋಡ್ತಾರೋ ಅದಕ್ಕೆ ತಕ್ಕ ಜಾಹೀರಾತನ್ನ ನಾವೇ ದಾರೀಲಿ ಸೇರಿಸ್ತೀವಿ."

"ಅವರಿಗೆ ಹೇಳಿದ್ದೀರಾ?"

"ಪ್ರಯೋಗ ಸರ್. ಇನ್ನೂ ಹೇಳಿಲ್ಲ."

ಗೆದ್ದೆ! ಚಾವಣಿ ಮುಟ್ಟುವಂತೆ ನೆಗೆದೆ. ನೆಲಕ್ಕೆ ಇಳಿಯುವಷ್ಟರಲ್ಲಿ ಇನ್ನೊಂದು ಹೊಳೆಯಿತು: ಮಿಸ್ ಲವ್ಡೇ ಅವರದೂ ಅದೇ ಕಂಪನಿ. ಆ ಮನೆಯಲ್ಲಿರುವುದು ಅವರು ಮತ್ತು ಒಂದು ಬೆಕ್ಕು.

ಗುರುವಾರದವರೆಗೆ ಬಂದರಿನ ಕಟ್ಟೆಯ ಮೇಲೆ ಎಷ್ಟು ಅಡ್ಡಾಡಿದೆನೆಂದರೆ ಕಲ್ಲು ಒಂದು ಅಡಿ ಸವೆದಿದೆ. ಬೇಕಾದರೆ ಬಂದು ನೋಡಿ. ಬಿಂಗೊ ಮಾತೆತ್ತದೆ ಕಂಪನಿಯ ಹೆಸರೊಂದನ್ನೇ ಹೇಳಿ ಪಾರಾಗಬಹುದೆಂದು ಲೆಕ್ಕ ಹಾಕಿದೆ.

ಸಭೆಯಲ್ಲಿ ಎದ್ದು ನಿಂತು ಹೇಳಿದೆ, "ಜಾಹೀರಾತು ಹಾಕಿದ್ದು ನಾನಲ್ಲ. ಇಂಟರ್‌ನೆಟ್ ಕಂಪನಿಯವರು ದಾರೀಲಿ ಅಂಟಿಸ್ತಾರೆ."

"ಬಂತಪ್ಪ ಹಾವುಮೀನು!" ಎಂದು ಯಾರೋ ಕೂಗಿದರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

ಟ್ಯಾಮ್ಸಿನ್ ಮಾತ್ರ ನಗಲಿಲ್ಲ. "ಇರ್ರೀ, ನಿಜ ಇರಬಹುದು. ನಾನು ಒಲೆ ಹುಡುಕ್ತಿದ್ದೆ, ನನಗೆ ಒಲೇನೇ ಬಂತು. ಹಂಗಾದ್ರೆ ಯಾರು ಏನು ನೋಡ್ತಾರೋ ಅವರಿಗೆ ಅದೇ..."

ನಗು ನಿಂತಿತು. ಸಭಾಪಾಲಕರ ಕೈ ತಾನಾಗಿ ನೆತ್ತಿಗೆ ಹೋಯಿತು. ಮಿಸ್ ಲವ್ಡೇ ಅವರ ಮುಖ ಹಿಟ್ಟಿನಂತೆ ಬಿಳುಚಿತು. ಮಡಿಲಲ್ಲಿದ್ದ ಕೈಗವಸು ಜಾರಿ ನೆಲಕ್ಕೆ ಬಿತ್ತು. ಒಂದೊಂದೇ ತಲೆ ಅವರತ್ತ ತಿರುಗತೊಡಗಿತು.

"ಅಯ್ಯೋ ಟ್ಯಾಮ್ಸಿನ್, ನಿನ್ನ ತಲೆ!" ಎಂದು ಅರಚಿದೆ. "ನೀನು ಒಲೆ ಹುಡುಕ್ತಿದ್ದದ್ದು ಇಡೀ ಊರಿಗೇ ಗೊತ್ತಿತ್ತಲ್ಲೇ. ಒಲೆ ಹಾಕಿದ್ದೂ ನಾನೇ, ಬಿಂಗೊ ಹಾಕಿದ್ದೂ ನಾನೇ. ಮಿಸ್ ಲವ್ಡೇ ಸಿಟ್ಟು ನೋಡೋ ಆಸೆ ಆಯ್ತು, ಹಾಕ್ದೆ!"

ತಿರುಗಿದ ತಲೆಗಳೆಲ್ಲ ನನ್ನತ್ತ ಹೊರಳಿದವು. ಜೀವಮಾನದಲ್ಲಿ ಅಷ್ಟು ಬೇಗ ನನ್ನನ್ನು ಯಾರೂ ನಂಬಿರಲಿಲ್ಲ. ಸಭಾಪಾಲಕರು ಎಲ್ಲರಿಗಿಂತ ಬೇಗ ನಂಬಿದರು. ಪುಟ ನನ್ನ ಕೈತಪ್ಪಿತು. ಉಸ್ತುವಾರಿ ಮಿಸ್ ಲವ್ಡೇ ಅವರಿಗೆ ಹೋಯಿತು.

ಶುಕ್ರವಾರ ಬೆಳಗ್ಗೆ ಏಳಲು ಕಾರಣವೇ ಇರಲಿಲ್ಲ. ಎಂಟು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಕೈಯಲ್ಲಿ ಕೇಸರಿ ಬನ್ನಿನ ತಟ್ಟೆ ಹಿಡಿದು ಮಿಸ್ ಲವ್ಡೇ ನಿಂತಿದ್ದರು.

"ನನಗೆ ಆ ಪುಟ ತಿದ್ದೋಕೆ ಬರಲ್ಲ," ಎಂದರು ಗೋಡೆಯನ್ನು ನೋಡುತ್ತ. "ದಿನಾ ಬೆಳಗ್ಗೆ ನೀನೇ ಮಾಡು. ಹೆಸರು ನಂದಿರಲಿ."

"ಆಗಲಿ, ಮಿಸ್ ಲವ್ಡೇ."

ಅವರು ಹೋಗಲಿಲ್ಲ. ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತೇ ಇದ್ದರು.

"ಆ ಬಿಂಗೊ... ಬೆಕ್ಕು ಕಣೋ. ಕೀಬೋರ್ಡ್ ಮೇಲೆ ನಡೆದಾಡಿಬಿಡುತ್ತೆ."

ನನ್ನ ಹಾವುಮೀನು ಆ ಬೆಕ್ಕಿನ ಮುಂದೆ ಬರೀ ಎರೆಹುಳ! ತಲೆಬಾಗಿ ತಟ್ಟೆ ತೆಗೆದುಕೊಂಡೆ.

"ಬೆಕ್ಕಿಗೆ ಹೇಳಿ," ಎಂದೆ, "ನಮ್ಮನೆ ಕಂಪನಿಯವರು ಏನೂ ಅಂಟಿಸಲ್ಲ ಅಂತ."

"ಆ ಕಂಪನಿ ನಂಬರ್ ಕೊಡ್ತೀಯೇನೋ?" ಎಂದರು ಮಿಸ್ ಲವ್ಡೇ.