ಮುಪ್ಪಿನ ಬಣ್ಣ

“ಎಲ್ಲಿ, ನಗು ನೋಡೋಣ,” ಎಂದ ಬಣ್ಣದ ಮಾಮ.

“ಏನಿದೆ ಅಂತ ನಗಲಿ ರೀ?” ಹೆಂಡತಿ ಕನ್ನಡಿಯೊಳಗಿಂದಲೇ ಅವನನ್ನು ನೋಡಿದಳು.

“ನನ್ನ ಮುಖ ನೋಡು, ತಾನಾಗೇ ಬರುತ್ತೆ.”

ಬಂದೇಬಿಟ್ಟಿತು. ಬಾಯಿಯ ಎರಡೂ ಬದಿಗೆ ಚರ್ಮ ಮಡಿಚಿಕೊಂಡಿತು. ಅವನು ಸಣ್ಣ ಕುಂಚವನ್ನು ಕಂದು ಬಣ್ಣಕ್ಕೆ ಅದ್ದಿ, ಮಡಿಕೆ ಬಿದ್ದ ಕಡೆಯೇ ಗೆರೆ ಎಳೆದ. ಅವನ ಕೆಲಸದ ರೀತಿಯೇ ಅದು. ಮುದುಕರ ಪಾತ್ರ ಎಂದರೆ ಉಳಿದ ಮೇಕಪ್‌ನವರು ಕೈಗೆ ಬಂದಂತೆ ಗೀಚಿ ಕಳಿಸುತ್ತಾರೆ. ಇವನು ಮಾತ್ರ ಕುರ್ಚಿಯಲ್ಲಿ ಕೂತವರನ್ನು ಮೊದಲು ನಗಿಸಬೇಕು, ಆಮೇಲೆ ಹುಬ್ಬು ಗಂಟಿಕ್ಕಿಸಬೇಕು. ಮುಖ ಎಲ್ಲಿ ಮಡಿಯುತ್ತದೋ ಮುಪ್ಪು ಬರುವುದೂ ಅಲ್ಲೇ, ಹೊಸದಾಗಿ ಹುಟ್ಟಿಸುವುದಕ್ಕೆ ನಾವು ಯಾರು ಎನ್ನುತ್ತಾನೆ.

ನಾಟಕ ಒಬ್ಬ ಹೆಣ್ಣಿನ ಇಡೀ ಬದುಕಿನದು. ಮೊದಲ ಅಂಕದಲ್ಲಿ ಎರಡು ಜಡೆಯ ಹುಡುಗಿ, ಆಮೇಲೆ ಮದುಮಗಳು, ಆಮೇಲೆ ತಾಯಿ, ಕೊನೆಯಲ್ಲಿ ಗಂಡ ಮಕ್ಕಳು ಎಲ್ಲರನ್ನೂ ಕಳೆದುಕೊಂಡ ಮುದುಕಿ. ಎಲ್ಲವೂ ಇವಳೇ. ಭಾನುವಾರ ಮಧ್ಯಾಹ್ನದ ಆಟ. ವರ್ಷಗಳಿಂದ ನಡೆದುಕೊಂಡು ಬಂದದ್ದು. ಪರದೆ ಬಿದ್ದು ಏಳುವಷ್ಟರಲ್ಲಿ ಅವನು ಹೆಂಡತಿಯ ಮುಖದ ಮೇಲೆ ಹತ್ತು ಹದಿನೈದು ವರ್ಷ ಓಡಿಸಿಬಿಡಬೇಕು. ಕಂಪನಿಯ ಹುಡುಗಿಯರು ಅವಳನ್ನು ‘ಅಕ್ಕ’ ಎನ್ನುತ್ತಾರೆ, ಇವನನ್ನು ‘ಮಾಮ’ ಎನ್ನುತ್ತಾರೆ. “ನೋಡಿದ್ರಾ, ಮುಪ್ಪು ಯಾರಿಗೆ ಬಂದಿದೆ ಅಂತ ಊರಿಗೇ ಗೊತ್ತು,” ಎಂದು ಅವಳು ರೇಗಿಸುತ್ತಿದ್ದಳು.

ಅವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಣ್ಣ ತೆಗೆಯುವ ಹೊತ್ತು. ಮೈಮೇಲೆ ಬಣ್ಣವಿಟ್ಟುಕೊಂಡು ಯಾರೂ ರಂಗಮಂದಿರದ ಬಾಗಿಲು ದಾಟಬಾರದು. ಕಂಪನಿಯ ಯಜಮಾನರಾದ ಮೇಷ್ಟ್ರ ಕಟ್ಟುನಿಟ್ಟಿನ ನಿಯಮ. ಹತ್ತಿಯನ್ನು ಎಣ್ಣೆಗೆ ಅದ್ದಿ ಒರೆಸುತ್ತಾ ಹೋದರೆ ಮುದುಕಿ ಹೋಗಿ, ಅವಳ ಕೆಳಗಿನ ತಾಯಿ ಹೋಗಿ, ಕೊನೆಗೆ ಅವನ ಸ್ವಂತ ಹೆಂಡತಿ ಹೊರಗೆ ಬರುತ್ತಿದ್ದಳು. “ಬಂದ್ಯಾ?” ಎಂದು ಅವನು ಕೇಳುವುದು, “ಬಂದೆ” ಎಂದು ಅವಳು ಅನ್ನುವುದು, ದೀಪ ಆರಿಸಿ ಹೊರಡುವುದು.

ಕಳೆದ ಚಳಿಗಾಲದಿಂದ ಆ ಹೊತ್ತೇ ಅವನಿಗೆ ಬೇಡವಾಗಿತ್ತು. ಒರೆಸಿದಷ್ಟೂ ಕೆಳಗಿನಿಂದ ಇನ್ನಷ್ಟು ಸೊರಗಿದ ಮುಖ ಬರುತ್ತಿತ್ತು. ರೋಗ ಏನು, ಎಲ್ಲಿಗೆ ಮುಟ್ಟಿದೆ ಎಂಬುದನ್ನು ಡಾಕ್ಟರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದರು. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಸೇರಬೇಕು. ವಾಪಸು ಬರುವ ಮಾತನ್ನು ಡಾಕ್ಟರು ಆಡಲಿಲ್ಲ, ಇವರೂ ಕೇಳಲಿಲ್ಲ. ಕಂಪನಿಯವರಿಗೆ ಹೇಳಿದ್ದು ಒಂದಷ್ಟು ದಿನ ವಿಶ್ರಾಂತಿ ಎಂದು ಮಾತ್ರ. ಅವಳಿಗಿನ್ನೂ ನಲವತ್ತು ತುಂಬಿರಲಿಲ್ಲ.

ಹೋದ ವಾರ ಮೇಷ್ಟ್ರು ಅವನ ಬೆನ್ನು ತಟ್ಟಿ, “ಈಚೆಗೆ ನಿನ್ನ ಕೈ ಏನು ಪಳಗಿದೆಯಪ್ಪಾ! ಮುದುಕಿ ಮುಖ ಸೊರಗಿ ಸುಣ್ಣ ಆದ ಹಾಗೇ ಕಾಣುತ್ತೆ,” ಎಂದಿದ್ದರು. ಪಾಪ, ಅವರಿಗೇನು ಗೊತ್ತು? ಆವತ್ತು ಅವನು ಅವಳ ಕೆನ್ನೆಗೆ ಕುಂಚ ತಾಗಿಸಿರಲೇ ಇಲ್ಲ. ಇದು ಮುಪ್ಪಲ್ಲ ಮೇಷ್ಟ್ರೇ, ಮುಪ್ಪು ಇಷ್ಟು ಕೆಟ್ಟದ್ದಲ್ಲ ಎಂದು ಕೂಗಿ ಹೇಳಬೇಕೆನಿಸಿದರೂ ಸುಮ್ಮನೆ ಡಬ್ಬಿಗಳ ಮುಚ್ಚಳ ಹಾಕಿದ್ದ.

ಈಗ ಕೊನೆಯ ಅಂಕಕ್ಕೆ ಮುಂಚಿನ ಬಿಡುವು. ಅವನು ಕುಂಚ ಕೆಳಗಿಟ್ಟ.

“ಏ, ಇವತ್ತು ನಾಟಕದ ಮುದುಕಿ ಬೇಡ ಕಣೇ. ನೀನು ಮುದುಕಿ ಆದ್ರೆ ಹೇಗಿರ್ತೀಯೋ ಹಾಗೆ ಮಾಡ್ಲಾ? ಒಂದೇ ಸಲ. ನಾನು ನೋಡ್ಬೇಕು.”

ಕನ್ನಡಿಯ ಸುತ್ತಲಿನ ಬಲ್ಬುಗಳು ಅವಳ ಕಣ್ಣಲ್ಲಿ ಹೊಳೆದವು.

“ಮಾಡಿ,” ಎಂದಳು. “ಆದ್ರೆ ನಮ್ಮಮ್ಮನ ಆ ಜೋಡಿ ಗದ್ದ ಮಾತ್ರ ಬೇಡ.”

“ಬರೋದೇ ಅದು. ನಿಮ್ಮ ವಂಶದ್ದು.”

“ನಿಮ್ಮ ವಂಶದ ಬೋಳುತಲೆಗಿಂತ ವಾಸಿ ಬಿಡಿ.”

ಅವನು ಕೆಲಸಕ್ಕೆ ಬಿದ್ದ. ಕೆನ್ನೆಯ ಗುಳಿಗೆ ತಿಳಿಬಣ್ಣ ಮೆತ್ತಿ ಮೆತ್ತಿ ಮೇಲಕ್ಕೆ ತಂದ. ಕಣ್ಣಿನ ಕೆಳಗಿನ ಕಪ್ಪು ಮುಚ್ಚಿದ. ಗದ್ದದಡಿ ನೆರಳು ಎಳೆದು ಎರಡನೆಯ ಗದ್ದ ಬರಿಸಿದ. ಅವಳು ಕುತ್ತಿಗೆ ತಗ್ಗಿಸಿ ನೋಡಿಕೊಂಡು “ಥೂ” ಎಂದಳು. ಕಿವಿಯ ಮೇಲಿನ ಕೂದಲನ್ನು ಮೊದಲು ಬೆಳ್ಳಗೆ ಮಾಡಿದ, ಅತ್ತೆಗೆ ನರೆ ಬಂದಿದ್ದು ಹಾಗೆ. ಮುಂದಿನ ಒಂದು ಜೊಂಪೆಯನ್ನು ಕಪ್ಪಾಗಿಯೇ ಬಿಟ್ಟ. ಮತ್ತೆ ನಗಿಸಿದ, ಕಣ್ಣಂಚಿನ ಗೆರೆಗಳಿಗೆ. ಅವನ ಕೈ ಯಾವತ್ತೂ ಅಷ್ಟು ನಿಧಾನವಾಗಿ ಓಡಿರಲಿಲ್ಲ. ಒಂದೊಂದು ಗೆರೆಯೂ ಒಂದು ವರ್ಷ, ಆ ವರ್ಷ ಅವಳು ಯಾವುದಕ್ಕೋ ನಕ್ಕಿರಬೇಕು, ತನ್ನ ಮೇಲೆ ಸಿಟ್ಟಾಗಿರಬೇಕು. ಎಲ್ಲ ಮುಗಿದು ಕನ್ನಡಿ ನೋಡಿದರೆ, ತುಂಬಿಕೊಂಡ ಕೆನ್ನೆಯ, ಊಟ ನಿದ್ದೆ ಚೆನ್ನಾಗಿ ಮಾಡುವ, ಸ್ವಲ್ಪ ಜೋರಿನ ಅಜ್ಜಿಯೊಬ್ಬಳು ಕೂತಿದ್ದಳು.

“ಅಯ್ಯೋ, ಎಷ್ಟು ಲಕ್ಷಣವಾಗಿದೀನಿ ರೀ!” ಎಂದಳು ಅವಳು.

ಮೇಷ್ಟ್ರು ಬಾಗಿಲಲ್ಲಿ ತಲೆ ಹಾಕಿದವರು ಹೌಹಾರಿದರು. “ಏನಯ್ಯಾ ಇದು? ಎಲ್ಲಾ ಕಳ್ಕೊಂಡ ಮುದುಕಿ ಕಣಯ್ಯಾ ಅವಳು! ಮೊಮ್ಮಕ್ಕಳ ಮನೇಲಿ ಉಂಡು ಬಂದ ಹಾಗಿದಾಳಲ್ಲ! ತಲೆ ನೆಟ್ಟಗಿದೆಯೋ ಇಲ್ವೋ?”

“ಇರ್ಲಿ ಬಿಡಿ ಮೇಷ್ಟ್ರೇ,” ಎಂದು ಅವಳೇ ಎದ್ದು, ಗಂಟೆ ಹೊಡೆಯುವ ಮೊದಲೇ ರಂಗಕ್ಕೆ ನಡೆದುಬಿಟ್ಟಳು.

ಕೊನೆಯ ಅಂಕದಲ್ಲಿ ಮುದುಕಿ ಖಾಲಿ ಕುರ್ಚಿಗಳ ಜೊತೆ ಮಾತಾಡಬೇಕು. ಆ ದುಂಡುಮುಖ ನೋಡಿ ಪ್ರೇಕ್ಷಕರಲ್ಲಿ ಯಾರೋ ಕಿಸಕ್ಕೆಂದರು. ಅವಳು ಒಂದು ಕಡೆ ಮಾತು ಮರೆತಳು, ಇನ್ನೊಂದು ಕಡೆ ಉಸಿರು ಸಾಲದೆ ಕುರ್ಚಿಯ ಬೆನ್ನು ಹಿಡಿದು ನಿಂತಳು. ಚಪ್ಪಾಳೆ ಅಷ್ಟಕ್ಕಷ್ಟೆ. ಪರದೆಯ ಪಕ್ಕದಲ್ಲಿ ನಿಂತ ಬಣ್ಣದ ಮಾಮನ ಕಿವಿಗೆ ಇದಾವುದೂ ಬೀಳಲಿಲ್ಲ. ತನ್ನ ಮುದುಕಿ ಹೆಂಡತಿ ಬೆಳಕಿನಲ್ಲಿ ಓಡಾಡುವುದನ್ನು ಅವನು ರೆಪ್ಪೆ ಬಡಿಯದೆ ನೋಡುತ್ತಿದ್ದ.

ಮೇಷ್ಟ್ರು ದುಸುಮುಸು ಎನ್ನುತ್ತ ಬಂದರು. “ಇಡೀ ಅಂಕ ನೀರಿಗೆ ಹಾಕಿದ್ರಿ. ಇನ್ನೊಂದು ಸಲ ಹೀಗೆ ಮಾಡಿದ್ರೆ ನೋಡು!”

“ಇನ್ನೊಂದು ಸಲ ಮಾಡಲ್ಲ ಮೇಷ್ಟ್ರೇ,” ಎಂದ ಅವನು. ಮೇಷ್ಟ್ರು ಅವನ ಮುಖ ನೋಡಿದರು, ಕುರ್ಚಿಯಲ್ಲಿ ಒರಗಿ ಏದುಸಿರು ಬಿಡುತ್ತಿದ್ದ ಅವಳನ್ನು ನೋಡಿದರು, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೊರಟುಹೋದರು.

ಅವನು ಹತ್ತಿಯನ್ನು ಎಣ್ಣೆಗೆ ಅದ್ದಿದ. ಅವಳು ಅವನ ಮಣಿಕಟ್ಟು ಹಿಡಿದಳು.

“ಇವತ್ತು ನಾನು ಬರಲ್ಲ ರೀ. ಹೀಗೇ ಮನೆಗೆ ಹೋಗೋಣ.”

“ಮೇಷ್ಟ್ರು ಸುಮ್ನೆ ಬಿಡ್ತಾರಾ?”

“ನನ್ನ ಏನು ಮಾಡಿಬಿಡ್ತಾರೆ ಅವರು? ಕೂತ್ಕೊಳಿ ನೀವು. ನಾನೊಬ್ಳೇ ಮುದುಕಿ ಆಗಿ, ನೀವು ಪಕ್ಕದಲ್ಲಿ ಮಗನ ಥರ ನಡ್ಕೊಂಡು ಬಂದ್ರೆ ಚೆನ್ನಾಗಿರಲ್ಲ.”

ಇಷ್ಟು ವರ್ಷದಲ್ಲಿ ಅವನು ಆ ಕುರ್ಚಿಯಲ್ಲಿ ಕೂತದ್ದೇ ಇಲ್ಲ. ಅವಳು ಕುಂಚ ಹಿಡಿದಳು.

“ಎಲ್ಲಿ, ನಗಿ ನೋಡೋಣ.”

ಅವನಿಗೆ ನಗು ಬರಲಿಲ್ಲ. ತುಟಿ ಅಗಲಿಸಲು ಹೋಗಿ ಮುಖ ಸೊಟ್ಟಗಾಯಿತು, ಕಣ್ಣಲ್ಲಿ ನೀರು ಬಂತು. “ಇರ್ಲಿ, ಅಳೋವಾಗ ಮಡಿಕೆ ಬೀಳೋ ಕಡೇಲೇ ಎಳೀತೀನಿ,” ಎಂದು ಅವಳು ಎಳೆದಳು. ಗೆರೆ ಡೊಂಕಾಯಿತು, ಮೀಸೆಗೆ ಪೌಡರು ಜಾಸ್ತಿಯಾಯಿತು.

ಬಸ್ಸಿನಲ್ಲಿ ಜನವೋ ಜನ. ಆದರೂ ಹತ್ತಿದ ಕೂಡಲೇ ಒಬ್ಬ ಕಾಲೇಜು ಹುಡುಗಿ ಎದ್ದು, “ಕೂತ್ಕೊಳಿ ಅಜ್ಜಿ,” ಎಂದಳು. ತಿಂಗಳುಗಟ್ಟಲೆ ನಿಲ್ಲಲಾಗದೆ ಕಂಬಿಗೆ ಜೋತುಬಿದ್ದರೂ ಯಾರ ಹತ್ತಿರವೂ ಜಾಗ ಕೇಳದಿದ್ದ ಬಿಗುಮಾನದವಳು, ಈಗ ರಾಣಿಯ ಹಾಗೆ ಕೂತಳು. ಸಂಜೆ ಮಬ್ಬಿನಲ್ಲಿ ಬಣ್ಣ ಯಾರಿಗೂ ತಿಳಿಯಲಿಲ್ಲ. ಪಕ್ಕದವರು ಸರಿದುಕೊಂಡು ಅವನಿಗೂ ಅರ್ಧ ಜಾಗ ಮಾಡಿಕೊಟ್ಟರು.

“ಇಬ್ರೇ ಓಡಾಡ್ತೀರಾ ಅಜ್ಜಿ?” ಎಂದಳು ಹುಡುಗಿ.

“ಇಬ್ರೇ ಕಣಮ್ಮ. ಮದುವೆಯಾಗಿ ಐವತ್ತು ವರ್ಷ ಆಯ್ತು. ಇನ್ನೂ ಬಿಟ್ಟಿಲ್ಲ ಈ ಮನುಷ್ಯ ನನ್ನ.”

ಹುಡುಗಿ ನಕ್ಕಳು. “ಐವತ್ತು ವರ್ಷ! ಹೇಗೆ ಕಳೆದ್ರಿ ಅಜ್ಜಿ?”

“ಗೊತ್ತೇ ಆಗ್ಲಿಲ್ಲ ಕಣೇ ಮಗು,” ಎಂದಳು ಅವಳು. “ಕಣ್ಣು ಮುಚ್ಚಿ ಬಿಡೋದ್ರೊಳಗೆ ಮುಗಿದುಹೋಯ್ತು.”

ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಅವಳು ತನ್ನ ಮಡಿಲಲ್ಲಿದ್ದ ಅವನ ಕೈಯನ್ನು ತಮ್ಮ ನಿಲ್ದಾಣ ಬರುವವರೆಗೂ ಬಿಡಲಿಲ್ಲ.

ಮನೆಗೆ ಬಂದದ್ದೇ ಸುಸ್ತಾಗಿ ಹಾಸಿಗೆಗೆ ಬಿದ್ದಳು. ತೊಳೆಯುವುದು ಬೇಡವೇ ಬೇಡ ಎಂದು ಹಟ ಹಿಡಿದಳು. ಅವನು ಹಾಸಿಗೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತ. ಆಸ್ಪತ್ರೆಯ ಚೀಲ ಬಾಗಿಲ ಬಳಿ ಸಿದ್ಧವಾಗಿತ್ತು. ಯಾವಾಗ ಕಣ್ಣು ಹತ್ತಿತೋ ಅವನಿಗೇ ಗೊತ್ತಿಲ್ಲ.

ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು ಬಂದಿತ್ತು. ದಿಂಬಿನ ಮೇಲೆಲ್ಲ ಬಣ್ಣ: ಕಂದು ಗೆರೆಗಳು, ಕೆನ್ನೆಯ ತಿಳಿಬಣ್ಣ, ಕೂದಲಿನ ಬಿಳಿ ಪೌಡರು. ಅತ್ತಿತ್ತ ಹೊರಳಿ ಹೊರಳಿ ಮುದುಕಿ ಪೂರ್ತಿ ದಿಂಬಿಗೆ ಹೋಗಿದ್ದಳು. ಹೊದಿಕೆಯೊಳಗೆ ಉಳಿದದ್ದು ಅವಳ ಸಣ್ಣ, ಸೊರಗಿದ, ಇನ್ನೂ ಎಳೆಯದಾದ ಮುಖ.

ಅವಳು ಕಣ್ಣು ಬಿಟ್ಟು ಅವನನ್ನು ನೋಡಿದಳು. ಕುರ್ಚಿಯಲ್ಲೇ ನಿದ್ದೆ ಹೋದವನ ಬಣ್ಣ ಹಾಕಿದ್ದು ಹಾಕಿದ ಹಾಗೇ ಇತ್ತು.

“ಅಯ್ಯೋ, ನೀವೊಬ್ರೇ ಮುದುಕರಾಗಿಬಿಟ್ರಲ್ಲ ರೀ!” ಎಂದು ನಕ್ಕಳು. ನಕ್ಕವಳು ಮತ್ತೆ ಕಣ್ಣು ಮುಚ್ಚಿಕೊಂಡಳು.

ಅವನು ಎದ್ದು ಹತ್ತಿ, ಎಣ್ಣೆ ತಂದು ಅವಳ ಪಕ್ಕ ಕೂತ. ಹಣೆ ಒರೆಸಿದ, ಕಿವಿಯ ಹಿಂದೆ ಒರೆಸಿದ. ಬಾಯಿಯ ಎಡಗಡೆ ಒಂದು ಸಣ್ಣ ಗೆರೆ ಉಳಿದಿತ್ತು. ಒರೆಸಿದ, ಹೋಗಲಿಲ್ಲ. ಹತ್ತಿ ಬದಲಿಸಿ ಮತ್ತೆ ಒರೆಸಿದ. ಅದು ಅವನು ಎಳೆದದ್ದಲ್ಲ.

ಹೊರಗೆ ಆಟೋದವನು ಹಾರ್ನ್ ಹೊಡೆದ.

“ಇನ್ನೂ ಇದೆಯಾ?” ಎಂದಳು ಅವಳು, ಕಣ್ಣು ಮುಚ್ಚಿಕೊಂಡೇ.

“ಹೂಂ, ಒಂಚೂರು ಇದೆ. ಅಲ್ಲಾಡಬೇಡ.”

ಅವನು ಅದೇ ಜಾಗವನ್ನು ನಿಧಾನವಾಗಿ ಒರೆಸುತ್ತಲೇ ಇದ್ದ. ಹತ್ತಿ ಬೆಳ್ಳಗೇ ಇತ್ತು.