ಹೆಸರಿಡುವ ಭಾನುವಾರ

ಹಂದಿಮಾಂಸದ ತುಂಡು ಇನ್ನೂ ಬಾಯಲ್ಲಿರುವಾಗಲೇ ಏನೋ ಎಡವಟ್ಟಾಯಿತೆಂದು ಲೆಕಾಲ್‌ಗೆ ಗೊತ್ತಾಯಿತು. ಹಂಡೆಯ ಸುತ್ತ ನಿಂತಿದ್ದ ಹುಡುಗರೆಲ್ಲ ಮಾತು ನಿಲ್ಲಿಸಿದ್ದರು. ಚಪ್ಪರದ ಕೆಳಗೆ ಮುದುಕರು ಬಟ್ಟಲು ಹಿಡಿದು ಕೂತಿದ್ದರು. ಅವರಲ್ಲಿ ಅರ್ಧ ಜನಕ್ಕೆ ಇನ್ನೂ ಬಡಿಸಿಯೇ ಇರಲಿಲ್ಲ.

ಬೆಟ್ಟಸಾಲಿನ ಆಚೆ, ತೈಚುಂಗ್ ನಗರದಲ್ಲಿ ಅವನನ್ನು ಸಾಕುತ್ತಿದ್ದ ಚೆನ್ ದಂಪತಿ ಒಳ್ಳೆಯವರು. ಅವರ ಮನೆಯಲ್ಲಿ ಮಕ್ಕಳು ಮೊದಲು ತಿನ್ನಬೇಕು, ಅದೂ ಬಿಸಿ ಆರುವ ಮುಂಚೆ. ಅಜ್ಜಿಗೆ ಲಕ್ವ ಹೊಡೆದು, ಸರ್ಕಾರದವರು ಅವನನ್ನು ಊರಿನಿಂದ ಕರೆದೊಯ್ದಾಗ ಅವನಿಗೆ ಒಂಬತ್ತು. ಈಗ ಹದಿನೇಳು. ಅಷ್ಟು ಕಾಲ ಮೊದಲು ತಿಂದೇ ಅಭ್ಯಾಸವಾದವನಿಗೆ ಸೌಟಿನಲ್ಲಿ ಮೇಲೆ ಬಂದ ತುಂಡನ್ನು ಬಾಯಿಗೆ ಹಾಕಿಕೊಳ್ಳಲು ಯೋಚನೆ ಬೇಕಾಗಿರಲಿಲ್ಲ. ಆದರೆ ಅವನ ಊರು ಚಿರಾಕಾಯ್‌ನ ಸುಗ್ಗಿಹಬ್ಬದಲ್ಲಿ ಹಿರಿಯರೆಲ್ಲ ಉಂಡು ಬಾಯಿ ಒರೆಸಿಕೊಂಡ ಮೇಲೆ ಕಿರಿಯರ ಸರದಿ. ಊರಲ್ಲಿ ಬೆಳೆದ ಚಿಕ್ಕ ಹುಡುಗರಿಗೂ ಇದು ಗೊತ್ತು.

"ಯಾವನೋ ಅದು, ತಿಂದಿದ್ದು?"

ನಾಮೋಹ್ ಎದ್ದು ಬಂದ. ಲಾರಿ ಓಡಿಸುವ ನಲವತ್ತರ ಆಳು, ಕತ್ತಿನ ಸುತ್ತ ಒದ್ದೆ ಟವೆಲ್ಲು. ಈ ಊರಿನಲ್ಲಿ ಗಂಡಸರೆಲ್ಲ ವಯಸ್ಸಿನ ಪ್ರಕಾರ ಬಳಗ ಬಳಗ. ಒಂದೊಂದು ಬಳಗ ಒಂದೊಂದು ಕೆಲಸ ಹೊರುತ್ತದೆ. ಹುಡುಗರನ್ನು ತಿದ್ದುವುದು ಈಗ ನಾಮೋಹ್‌ನ ಬಳಗದ ಪಾಲಿಗೆ ಬಂದಿತ್ತು, ಆ ಹುದ್ದೆಯ ಹೆಸರೇ 'ಯುವಕರ ಅಪ್ಪ'.

ಲೆಕಾಲ್ ಬಾಯಿ ತೆರೆಯಬೇಕು, ಅಷ್ಟರಲ್ಲಿ ಪಕ್ಕದಲ್ಲಿದ್ದ ಫುತಿಂಗ್ ಅವನ ಕಾಲು ತುಳಿದ.

"ನಾವು ತಿಂದ್ವಿ, ಅಪ್ಪ," ಎಂದ ಫುತಿಂಗ್.

"ನಾವು ಅಂದ್ರೆ?"

"ನಾವೇ. ನಮ್ಮ ಬಳಗ."

"ಒಂದು ತುಂಡನ್ನ ಹನ್ನೊಂದು ಜನ ತಿಂದ್ರಾ?" ನಾಮೋಹ್ ಚಪ್ಪರದ ಕಡೆ ತಿರುಗಿದ. "ಪಾದ್ರಿಗಳೇ, ಇಲ್ಲಿ ಬನ್ನಿ, ಪವಾಡ ನಡೆದಿದೆ!"

ಮುದುಕರು ನಕ್ಕರು. ಶಿಕ್ಷೆ ಮಾತ್ರ ಕಡಿಮೆಯಾಗಲಿಲ್ಲ. ಹನ್ನೊಂದು ಜನವೂ ಬಿಸಿಲಿಗೆ ಕಾದ ಸಿಮೆಂಟಿನ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕೈ ಮುಂದೆ ಚಾಚಿದರು. ಆಗಸ್ಟ್ ತಿಂಗಳ ಬಿಸಿಲು. ತೊಡೆ ನಡುಗಲು ಶುರುವಾದ ಮೇಲೆ ಫುತಿಂಗ್ ತಲೆ ತಿರುಗಿಸದೆ ಕೇಳಿದ:

"ರುಚಿಯಾಗಿತ್ತೇನೋ, ಟೂರಿಸ್ಟು?"

"ಉಪ್ಪು ಸಾಲದು."

ಸಾಲಿನ ಆ ತುದಿಯ ತನಕ ನಗು ಹರಿಯಿತು. ನಕ್ಕಿದ್ದಕ್ಕೆ ಇನ್ನಷ್ಟು ಹೊತ್ತು ಕೂರಿಸಿದರು.

ನಿನ್ನೆ ಬಂದಾಗಿನಿಂದ ಅವನಿಗೆ ಟೂರಿಸ್ಟು ಎಂದೇ ಹೆಸರು. ಉಳಿದ ಹತ್ತು ಜನ ನಾಲ್ಕೈದು ಹಬ್ಬಗಳಲ್ಲಿ ನೀರು ಹೊತ್ತಿದ್ದರು, ಸೌದೆ ಸೀಳಿದ್ದರು, ಬೈಗುಳ ತಿಂದಿದ್ದರು. ಇವನು ಒಂದು ದಿನವೂ ಇಲ್ಲ. ಆದರೂ ಅಜ್ಜಿಯ ತಂಗಿ ದೋಂಗಿ ಹಿರಿಯರ ಮುಂದೆ ಹೋಗಿ, ಇವನ ವಯಸ್ಸಿನವರ ಜೊತೆ ಇವನನ್ನೂ ನಿಲ್ಲಿಸಬೇಕೆಂದು ಹಟ ಹಿಡಿದಿದ್ದಳು. ಹಿರಿಯರು ಹೇಳಿದ್ದು ಇಷ್ಟೇ: ಹೆಸರಿಡುವ ಹೊತ್ತಿಗೆ ಸಾಲಿನಲ್ಲಿ ನಿಂತಿದ್ದರೆ ಅವನು ಬಳಗದವನು, ಇಲ್ಲದಿದ್ದರೆ ಅಲ್ಲ.

ಹೆಸರಿಡುವುದು ಐದು ವರ್ಷಕ್ಕೊಮ್ಮೆ. ಊರಿಗೆ ಆ ಕಾಲದಲ್ಲಿ ಏನಾಯಿತೋ ಅದೇ ಹೆಸರು, ಮುಂದೆ ಒಂದು 'ಲಾ' ಸೇರಿಸಿ. ಕರೆಂಟು ಬಂದಾಗ ಹೆಸರು ಪಡೆದವರು ಕರೆಂಟಿನ ಬಳಗ, ಸೇತುವೆ ಆದಾಗಿನವರು ಸೇತುವೆ ಬಳಗ. ಆ ಹೆಸರು ಸಾಯುವ ತನಕ. ಹೆಸರಾದವನು ಹಾದುಹೋದರೆ ಹೆಸರಿಲ್ಲದ ಕಿರಿಯರು ಎದ್ದು ನಿಲ್ಲಬೇಕು. ಹೆಸರಿಡುವ ದಿನ ಮೀನು ಹಡಗಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ಒಬ್ಬನಿದ್ದ. ಅರವತ್ತು ದಾಟಿದರೂ ಹಬ್ಬದಲ್ಲಿ ಅವನಿಗೆ ಕೂರಲು ಜಾಗವಿಲ್ಲ. ಇವತ್ತೂ ಹೆಂಗಸರ ಪಕ್ಕ ಒಲೆಯ ಹತ್ತಿರ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ.

"ಈ ಸಲ ಹೋಟೆಲ್ ಅಂತ ಇಡ್ತಾರಂತೆ," ಎಂದ ಸಾಲಿನಲ್ಲೊಬ್ಬ. ಸಮುದ್ರದ ದಡಕ್ಕೆ ಬೇಲಿ ಹಾಕಿ ಕಟ್ಟತೊಡಗಿದ್ದ ಹೋಟೆಲಿನ ವಿರುದ್ಧ ಊರು ನಾಲ್ಕು ವರ್ಷ ಜಗಳ ಮಾಡಿತ್ತು.

"ಲಾ-ಹೋಟೆಲ್! ಹಾಗಿಟ್ರೆ ನನಗೆ ಯಾರೋ ಹೆಣ್ಣು ಕೊಡ್ತಾರೆ?"

"ಏನಿಟ್ರೂ ನಿನಗೆ ಕೊಡಲ್ಲ ಬಿಡು."

ಮಧ್ಯಾಹ್ನ ಕಳೆಯಿತು, ಹೆಸರು ಬರಲಿಲ್ಲ. ಸೂರ್ಯ ಬೆಟ್ಟದ ಹಿಂದೆ ಸರಿದ ಮೇಲೆ ನೋಡೋಣ, ಅಲ್ಲಿಯವರೆಗೆ ಕುಣಿಯಿರಿ ಎಂದರು ಹಿರಿಯರು. ಗಂಡಸರೆಲ್ಲ ಅಡ್ಡಡ್ಡ ಕೈ ಹೆಣೆದು ಅಂಗಳದ ಸುತ್ತ ದೊಡ್ಡ ಸುತ್ತು ಕಟ್ಟಿದರು. ಮುಂದೆ ದೊಡ್ಡವರು, ಬಾಲದಲ್ಲಿ ಹೆಸರಿಲ್ಲದ ಹನ್ನೊಂದು ಜನ. ಒಬ್ಬ ಎತ್ತಿ ಹಾಡುತ್ತಾನೆ, ಉಳಿದವರು ಮರುದನಿ ಕೊಡುತ್ತಾರೆ. ಕೈ ಬಿಡುವಂತಿಲ್ಲ, ದನಿ ತಪ್ಪಿಸುವಂತಿಲ್ಲ.

ಐದು ಗಂಟೆಗೆ ಯೀಚುನ್ ಬಂದಳು. ಮಕ್ಕಳ ಇಲಾಖೆಯವಳು, ಮೂವತ್ತರ ಆಸುಪಾಸು, ಕೈಯಲ್ಲಿ ಕಾರಿನ ಕೀಲಿ. ಈ ಪ್ರಯಾಣಕ್ಕೆ ಮೇಲಿನವರ ಒಪ್ಪಿಗೆ ಪಡೆಯಲು ಎರಡು ತಿಂಗಳು ಓಡಾಡಿದ್ದವಳು ಅವಳೇ. ಒಪ್ಪಿಗೆ ಇದ್ದದ್ದು ಭಾನುವಾರ ಸಂಜೆ ಐದರವರೆಗೆ.

"ಯೂಷೆಂಗ್, ಹೊತ್ತಾಯ್ತು. ಬಾ." ನಗರದಲ್ಲಿ ಅವನಿಗೆ ಆ ಹೆಸರು.

"ಆಮೇಲೆ ಬರ್ತೀನಿ, ಅಕ್ಕ."

ಸುತ್ತು ಅವನನ್ನು ಮುಂದಕ್ಕೆ ಒಯ್ದಿತು. ಮಾತು ಮುಗಿಸಲು ಯೀಚುನ್ ಹೊರಗಿನಿಂದ ಅವನ ಪಕ್ಕಕ್ಕೇ ನಡೆಯಬೇಕಾಯಿತು.

"ಆಮೇಲೆ ಅಂದ್ರೆ ಯಾವಾಗ? ಹೆಸರಿಡೋದು ಮಧ್ಯಾಹ್ನ ಅಂತ ಹಿರಿಯರು ಅಂದಿದ್ರು. ನಾನೂ ಅದನ್ನೇ ನಂಬಿದ್ದೆ. ಈಗ ಹೊರಡಲಿಲ್ಲ ಅಂದ್ರೆ ನೀನು ಓಡಿಹೋದೆ ಅಂತ ಆಗುತ್ತೆ ಕಣೋ. ಚೆನ್ ಅವರ ಮನೇಲಿ ಬಿಡಲ್ಲ. ಹಾಸ್ಟೆಲ್‌ಗೆ ಹಾಕ್ತಾರೆ, ಗೊತ್ತು ತಾನೆ?"

"ಗೊತ್ತು."

"ಮುಂದಿನ ವರ್ಷ ಮತ್ತೆ ಬರೋಣ. ನಾನೇ ಕರ್ಕೊಂಡು ಬರ್ತೀನಿ."

"ಮುಂದಿನ ವರ್ಷ ಬಂದು ಬೆಳ್ಳುಳ್ಳಿ ಸುಲೀಲಾ?"

ಅವಳಿಗೆ ಅರ್ಥವಾಗಲಿಲ್ಲ. ಚಪ್ಪರದಿಂದ ಒಬ್ಬ ಮುದುಕ ಕೂಗಿದ: "ಏ ಹುಡುಗಿ! ಕುಣಿಯೋದಾದ್ರೆ ಕೈ ಕೊಟ್ಟು ಕುಣಿ, ಇಲ್ಲಾಂದ್ರೆ ದಾರಿ ಬಿಡು!" ಯೀಚುನ್ ಕೆಂಪಾದಳು, ಆದರೂ ಬಿಡಲಿಲ್ಲ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಅವಳ ಕಾಲುಗಳು ಆಗಲೇ ಲೆಕ್ಕಕ್ಕೆ ಸರಿಯಾಗಿ ಬೀಳುತ್ತಿದ್ದವು.

ಫುತಿಂಗ್ ಪಿಸುಗುಟ್ಟಿದ: "ನನ್ನ ಕೈ ಬೆವರಿದೆ ಮಾರಾಯ. ಜಾರಿದ್ರೆ ನಾನಾಗಿ ಬಿಟ್ಟೆ ಅಂದ್ಕೋಬೇಡ."

"ಹಾಗಾದ್ರೆ ಗಟ್ಟಿಯಾಗಿ ಹಿಡಿ."

ಫೋನು ಹೊಡೆದುಕೊಂಡಿತು. ಯೀಚುನ್ ಎತ್ತಿ, "ಹೌದು ಸರ್... ಇಲ್ಲ ಸರ್, ಇನ್ನೂ ಹೊರಟಿಲ್ಲ... ನೀವೇ ಮಾತಾಡ್ತೀರಾ?" ಎಂದವಳು ಪಕ್ಕದಲ್ಲೇ ನಡೆಯುತ್ತ ಫೋನನ್ನು ಲೆಕಾಲ್‌ನ ಕಿವಿಗೆ ಹಿಡಿದಳು. ಅವನ ಎರಡು ಕೈಯೂ ಬೇರೆಯವರ ಕೈಯಲ್ಲಿದ್ದವು.

ಮೇಲಧಿಕಾರಿಯ ದನಿ ಸಮಾಧಾನದ್ದೇ. "ನೋಡಪ್ಪ, ನಿಮ್ಮ ಸಂಸ್ಕೃತಿ ಬಗ್ಗೆ ನಮಗೆ ಗೌರವ ಇದೆ. ಅದಕ್ಕೇ ಅಲ್ವಾ ಎರಡು ದಿನ ಕೊಟ್ಟಿದ್ದು? ಹಬ್ಬ ನೋಡಿದ್ದಾಯ್ತು, ಇನ್ನು..."

ಹಾಡು ಎತ್ತುವವನು ಎತ್ತಿದ. ಲೆಕಾಲ್ ಎದೆ ತುಂಬಿ ಫೋನಿನೊಳಗೇ ಮರುದನಿ ಕೊಟ್ಟ. ಆ ಕಡೆ ಏನೋ ಬಿದ್ದ ಸದ್ದಾಯಿತು.

"ನೋಡೋಕೆ ಬಂದಿಲ್ಲ ಸರ್," ಎಂದ, ಉಸಿರು ಸಿಕ್ಕ ಮೇಲೆ. "ಚಳಿಗಾಲದಲ್ಲಿ ನಮ್ಮಂಥ ಮಕ್ಕಳನ್ನೆಲ್ಲ ಸೇರಿಸಿ ನಾಯಕತ್ವದ ಶಿಬಿರ ಮಾಡಿದ್ರಲ್ಲ, ಅಂಗಿ ಎಲ್ಲ ಕೊಟ್ರಿ. ಮಾತು ಕೊಟ್ಟ ಮೇಲೆ ತಂಡ ಬಿಟ್ಟು ಬರಬಾರದು ಅಂತ ಹೇಳಿದ್ದು ನೀವೇ."

"ಅದು ಬೇರೆ ವಿಷಯ..."

ಮತ್ತೆ ಮರುದನಿ. ಈ ಸಲ ಹನ್ನೊಂದು ಗಂಟಲೂ ಫೋನಿನ ಕಡೆಗೇ ತಿರುಗಿದವು.

"ಅಲ್ಲಿ ದೊಡ್ಡವರು ಯಾರಾದ್ರೂ ಇದ್ರೆ ಕೊಡು!"

"ಎಲ್ಲ ದೊಡ್ಡವರೇ ಸರ್, ನಾವೇ ಕೊನೆ. ಓಡಿಹೋದ ಅಂತ ಬರೀಬೇಡಿ. ಇಲ್ಲೇ ಇದೀನಿ ಅಂತ ಬರೀರಿ. ಹೆಸರಿಟ್ಟ ಮೇಲೆ ನಾನಾಗೇ ಬಂದು ಕಾರಲ್ಲಿ ಕೂರ್ತೀನಿ. ಹಾಸ್ಟೆಲ್‌ಗೆ ಹಾಕೋದಾದ್ರೆ ಹಾಕಿ. ಈ ಸುತ್ತು ಬಿಟ್ಟು ಮಾತ್ರ ಬರಲ್ಲ."

ಯೀಚುನ್ ಫೋನನ್ನು ತನ್ನ ಕಿವಿಗೆ ತಂದುಕೊಂಡಳು. ಸ್ವಲ್ಪ ಹೊತ್ತು ಕೇಳಿದಳು. "ಆಗಲ್ಲ ಸರ್," ಎಂದಳು. "ಎಳ್ಕೊಂಡು ಬರೋಕಾಗಲ್ಲ. ಕೈ ಹಿಡ್ಕೊಂಡಿದಾರೆ... ಇಲ್ಲ, ಅವನೊಬ್ಬನೇ ಅಲ್ಲ. ಎಲ್ಲರೂ." ಆಮೇಲೆ ಫೋನನ್ನು ಚೀಲಕ್ಕೆ ಹಾಕಿ, ಹೋಗಿ ದೋಂಗಿಯ ಪಕ್ಕದ ಮಣೆಯ ಮೇಲೆ ಕೂತಳು. ದೋಂಗಿ ಅವಳ ಕೈಗೆ ಅನ್ನದ ಬಟ್ಟಲು ಇಟ್ಟಳು.

ಬೆಟ್ಟದ ನೆರಳು ಅಂಗಳ ದಾಟಿ ರಸ್ತೆಗೆ ಇಳಿದಾಗ ಹಾಡು ನಿಂತಿತು. ಊರಿನ ಹಿರಿಯ ಕಾತಿಂಗ್ ಕೋಲೂರುತ್ತ ಬಾಲದ ಸಾಲಿಗೆ ಬಂದ. ಒಬ್ಬೊಬ್ಬನ ಮುಂದೆಯೂ ನಿಂತು, ಯಾವ ಮನೆ ಎಂದು ಕೇಳಿ, ಹೆಗಲ ಮೇಲೆ ಕೈ ಇಟ್ಟ. ಎಲ್ಲರ ಮನೆಯೂ ಅವನಿಗೆ ಗೊತ್ತಿದ್ದದ್ದೇ. ಆದರೂ ಕೇಳಿದ. ಲೆಕಾಲ್‌ನ ಮುಂದೆ ಬಂದಾಗ ಮಾತ್ರ ಕಣ್ಣು ಕಿರಿದು ಮಾಡಿ ಹೆಚ್ಚು ಹೊತ್ತು ನೋಡಿದ.

"ಯಾವ ಮನೆ?"

ನಗರದಲ್ಲಿ ಈ ಪ್ರಶ್ನೆಗೆ ಅವನು ಕೊಡುತ್ತಿದ್ದ ಉತ್ತರ ಒಂದು ಬೀದಿ, ಒಂದು ನಂಬರು. "ಹೊಂಗಾಯ್ ಮನೆ," ಎಂದ. ಅವನ ಅಜ್ಜಿಯ ಹೆಸರು ಅದು. ಆ ಮನೆಯ ಚಾವಣಿ ಚಂಡಮಾರುತಕ್ಕೆ ಹಾರಿ ವರ್ಷಗಳೇ ಆಗಿದ್ದವು.

"ಜೋರಾಗಿ ಹೇಳು. ನನಗೆ ಕಿವಿ ಮಂದ."

"ಹೊಂಗಾಯ್ ಮನೆ!"

ಮುದುಕನ ಕೈ ಹೆಗಲ ಮೇಲೆ ಬಿತ್ತು. ಅವನು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು.

ಕಾತಿಂಗ್ ಊರಿನ ಕಡೆ ತಿರುಗಿದ. "ಹೋಟೆಲಿನವರು ಬೇಲಿ ಕಿತ್ತುಕೊಂಡು ಹೋದ ವರ್ಷ ಇದು. ನಮ್ಮ ಸಮುದ್ರ ನಮಗೆ ಮತ್ತೆ ಕಾಣಿಸಿದ ವರ್ಷ. ಇವರು ಲಾ-ರಿಯಾರ್. ಸಮುದ್ರದ ಬಳಗ."

ಹುಡುಗರು ಕಿರುಚಿದ್ದು ದಡದ ತನಕ ಕೇಳಿರಬೇಕು. ಹೋಟೆಲ್ ಎಂದಿದ್ದವನು ಅಳುತ್ತಿದ್ದ. ಅವನನ್ನು ನೋಡಿ ಉಳಿದವರು ನಗುತ್ತಿದ್ದರು.

ಲೆಕಾಲ್ ಕೊಟ್ಟ ಮಾತಿನಂತೆ ತಾನಾಗಿಯೇ ಹೋಗಿ ಕಾರಿನಲ್ಲಿ ಕೂತ. ಫುತಿಂಗ್ ಕಿಟಕಿಯೊಳಗೆ ಬಗ್ಗಿ, "ಹಾಸ್ಟೆಲ್ ಆದ್ರೂ ಸರಿ, ಜೈಲಾದ್ರೂ ಸರಿ, ಮುಂದಿನ ಸಲ ಸೌದೆ ನೀನೇ ಸೀಳ್ಬೇಕು," ಎಂದು ಚಾವಣಿಗೆ ಎರಡು ಏಟು ಬಡಿದು ಹೋದ. ಯೀಚುನ್ ಕಾರು ಹೊರಡಿಸಿದಳು. ಚೀಲದಲ್ಲಿ ಫೋನು ಒಂದೇ ಸಮನೆ ನಡುಗುತ್ತಿತ್ತು. ಅವಳು ಎತ್ತಲಿಲ್ಲ.

ಊರಿನ ಕೊನೆಯಲ್ಲಿ, ಸೇತುವೆಯ ಪಕ್ಕದ ನಲ್ಲಿಯ ಹತ್ತಿರ ಹನ್ನೆರಡು ಹದಿಮೂರರ ಕೆಲವು ಹುಡುಗರು ಪಾತ್ರೆ ತೊಳೆಯುತ್ತಿದ್ದರು. ಕಾರು ಹತ್ತಿರವಾದಂತೆ ಒಬ್ಬ ಇಣುಕಿ ನೋಡಿ ಏನೋ ಹೇಳಿದ. ಎಲ್ಲರೂ ಪಾತ್ರೆ ಬಿಟ್ಟು ಎದ್ದು ರಸ್ತೆಯಂಚಿನಲ್ಲಿ ಸಾಲಾಗಿ ನಿಂತರು, ತಲೆ ತಗ್ಗಿಸಿ, ಕೈ ಇಳಿಬಿಟ್ಟು.

ಯೀಚುನ್ ಕಾರು ನಿಧಾನ ಮಾಡಿದಳು. "ಇವರು ಎದ್ದು ನಿಂತಿರೋದು ಯಾರಿಗೆ?"

ಲೆಕಾಲ್ ಹಿಂದೆ ತಿರುಗಿ ನೋಡಿದ. ರಸ್ತೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹುಡುಗರು ಹಾಗೆಯೇ ನಿಂತಿದ್ದರು, ಬೆರಳ ತುದಿಯಿಂದ ಸೋಪಿನ ನೊರೆ ತೊಟ್ಟಿಕ್ಕುತ್ತಿತ್ತು.